ಬಜಾರಿನಲ್ಲಿ ಒಂದು ಚೌಕಾಸಿ, ಮನೆಯಲ್ಲಿ ಇನ್ನೊಂದು

ಅಕ್ಕಾ,

ನಮ್ಮದು ತುಮಕೂರು ತಾಲ್ಲೂಕಿನ ಕೋರ. ನಮ್ಮನೆಯವರು ಹೈಸ್ಕೂಲು ಮೇಷ್ಟ್ರಾಗಿದ್ದು ನಿವೃತ್ತರಾಗಿದ್ದಾರೆ. ಪೆನ್ಷನ್ ಬರುತ್ತೆ, ಒಂದಿಷ್ಟು ಅಡಿಕೆ ತೋಟ ಇದೆ, ಊಟ ಬಟ್ಟೆಗೆ ತೊಂದರೆ ಇಲ್ಲ. ಮಗ ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಕೆಲಸದಲ್ಲಿದ್ದಾನೆ. ಅವನಿಗೆ ಹೆಣ್ಣು ನೋಡ್ತಾ ಇದ್ದೀವಿ, ಕೂಡಿ ಬರ್ತಾ ಇಲ್ಲ.

ಮೇಷ್ಟ್ರಿಗೆ ಈಗ ಕಲ್ಲಿನ ಹುಚ್ಚು. ಭಾನುವಾರ ಬಂತು ಅಂದ್ರೆ ಕೋಳಿ ಕೂಗೋಕೆ ಮುಂಚೆ ಎದ್ದು ಸ್ಕೂಟರಲ್ಲಿ ತುಮಕೂರು ಸ್ಟೇಷನ್ನಿಗೆ ಹೋಗಿ ರೈಲು ಹಿಡೀತಾರೆ. ಬೆಂಗಳೂರು ಚಿಕ್ಕಪೇಟೆಯ ಸಂಡೆ ಬಜಾರಲ್ಲಿ ಹಳೇ ಗಡಿಯಾರ, ಹಿತ್ತಾಳೆ ಸಾಮಾನು, ನಾಣ್ಯ ಮಾರೋರ ಮಧ್ಯೆ ನುಣ್ಣಗೆ ಸಾಣೆ ಹಿಡಿದ ಕಲ್ಲೂ ಸಿಗುತ್ತಂತೆ. ಬರುವಾಗ ಜೇಬು ತುಂಬ ಅವೇ. ಎಷ್ಟು ಕೊಟ್ರಿ ಅಂದ್ರೆ ‘ಐವತ್ತು’, ‘ನೂರು’ ಅಂತಾರೆ. ಮೊನ್ನೆ ಪ್ಯಾಂಟು ನೆನೆಸೋವಾಗ ಒಂದು ಚೀಟಿ ಸಿಕ್ತು. ನೂರು ಅಂದಿದ್ದು 600, ಐವತ್ತು ಅಂದಿದ್ದು 350. ಇಷ್ಟು ವರ್ಷ ಸಂಸಾರ ಮಾಡಿದ್ದೀನಿ, ಇವರ ಬಾಯಲ್ಲಿ ಸುಳ್ಳು ಕೇಳಿರಲಿಲ್ಲ.

ಇನ್ನೊಂದು ಸಂಗತಿಗೆ ನಿದ್ದೆ ಬರ್ತಾ ಇಲ್ಲ. ಅಲ್ಲಿ ಪರಿಚಯ ಆದ ಯಾರೋ ಒಬ್ಬರು ಮನೆಗೆ ಕರೆದುಕೊಂಡು ಹೋಗಿ ಒಂದು ನೀಲದ ಉಂಗುರ ತೋರಿಸಿದ್ದಾರೆ. ಅರಮನೆ ಕಾಲದ್ದಂತೆ, ಮಗನ ಬೆರಳಿಗೆ ಹಾಕಿದ್ರೆ ಕಂಕಣ ಕೂಡಿ ಬರುತ್ತಂತೆ. 60,000 ಹೇಳಿದ್ದನ್ನ 22,000ಕ್ಕೆ ಇಳಿಸಿದೀನಿ ಅಂತ ಇವರಿಗೆ ಸಂಭ್ರಮ. 3,000 ಮುಂಗಡ ಕೊಟ್ಟೂ ಆಗಿದೆ.

ಮನೇಲಿ ಅತ್ತೆ ಬೇರೆ. ಒಂದು ಸಾಲಿಗ್ರಾಮ ತಂದಿದ್ದಾರೆ, ಮಡಿ ಮೈಲಿಗೆ ನೋಡದೆ ಇಟ್ಟುಕೊಂಡರೆ ಕೇಡು ಅಂತಾರೆ. ಅಂಗೈ ಉದ್ದದ ಒಂದು ಕಪ್ಪು ಕಲ್ಲು, ಅದನ್ನ ‘ಸಿಡಿಲ ಕಲ್ಲು’ ಅಂತ ಕೊಟ್ಟಿದ್ದಾರೆ, ಅದನ್ನಂತೂ ಹೊಸಿಲು ದಾಟಿಸೋಕೆ ಬಿಟ್ಟಿಲ್ಲ, ಹಿತ್ತಿಲ ಜಗುಲಿ ಮೇಲಿದೆ. ಎಲ್ಲಾನೂ ಮೂಟೆ ಕಟ್ಟಿ ಕೆರೆಗೆ ಹಾಕಿಬಿಡೋಣ ಅನ್ನಿಸ್ತಿದೆ. ಏನು ಮಾಡಲಿ?

– ಹೆಸರು ಬೇಡ, ಕೋರ

ಮೇಷ್ಟ್ರ ಮನೆಯವರೇ,

ಕೆರೆಗೆ ಏನನ್ನೂ ಹಾಕಬೇಡಿ. ಅದರಲ್ಲೊಂದು ಕಲ್ಲು ಬಹಳ ಹಳೆಯ ಕಾಲದ ಮನುಷ್ಯರ ಕೈಕೆಲಸ ಇರಬಹುದು. ಅದರ ಮಾತಿಗೆ ಆಮೇಲೆ ಬರುತ್ತೇನೆ. ನೀಲದ ಕಥೆ ಮೊದಲು ಮುಗಿಸೋಣ, ಅದಕ್ಕೆ ಮುಂಗಡ ಬೇರೆ ಕೊಟ್ಟಾಗಿದೆ.

ಆ ಉಂಗುರ ಕೊಳ್ಳಬಾರದು. ಕಲ್ಲು ಸುಳ್ಳು ಎಂದು ನಾನು ಇಲ್ಲಿ ಕೂತು ಹೇಳಲಾರೆ. ಆದರೆ ಅದನ್ನು ನಿಜ ಎಂದು ನಂಬಲು ನಿಮಗೆ ಕೊಟ್ಟಿರುವ ಕಾರಣ ಒಂದೂ ನಿಲ್ಲುವುದಿಲ್ಲ. ‘ಹಳೇ ಕಾಲದ್ದು’ ಎನ್ನುವುದನ್ನೇ ತೆಗೆದುಕೊಳ್ಳಿ. ಫ್ರಾನ್ಸಿನ ವರ್ನ್ಯೂಯ್ ಎಂಬ ವಿಜ್ಞಾನಿ ಅಲ್ಯೂಮಿನಿಯಂ ಆಕ್ಸೈಡಿನ ಪುಡಿಯನ್ನು ಉರಿಯಲ್ಲಿ ಕರಗಿಸಿ ಕೆಂಪುಕಲ್ಲು ಬೆಳೆಸುವ ವಿಧಾನವನ್ನು 1902ರಲ್ಲೇ ಪ್ರಕಟಿಸಿದ. ಹತ್ತು ವರ್ಷ ಕಳೆಯುವುದರೊಳಗೆ ನೀಲವೂ ಹಾಗೇ ತಯಾರಾಗತೊಡಗಿತು. ಎಂದರೆ ಉಂಗುರ ನಿಜವಾಗಿಯೂ ಮುತ್ತಜ್ಜನ ಕಾಲದ್ದೇ ಆಗಿದ್ದರೂ ಅದರೊಳಗಿನ ಕಲ್ಲು ಕಾರ್ಖಾನೆಯದ್ದಾಗಿರಬಹುದು. ಉಂಗುರದ ಕಟ್ಟು ಸವೆದಿದೆ, ಚಿನ್ನದ ಬಣ್ಣ ಮಾಸಿದೆ ಎಂಬುದೆಲ್ಲ ಕಲ್ಲಿನ ಪರವಾಗಿ ಸಾಕ್ಷಿ ಹೇಳುವುದಿಲ್ಲ.

ಮೇಷ್ಟ್ರ ಎದುರು ಅದರಿಂದ ಗಾಜು ಗೀರಿ ತೋರಿಸಿರುತ್ತಾರೆ. ಹಾಲಿನ ಲೋಟದಲ್ಲಿ ಹಾಕಿ ಹಾಲು ನೀಲಿಯಾಗಿ ಕಾಣುವುದನ್ನೂ ತೋರಿಸಿರಬಹುದು. ಗಟ್ಟಿತನ ಅಳೆಯಲು ಮೋಸ್ ಎಂಬಾತ 1812ರಲ್ಲಿ ಮಾಡಿದ ಒಂದರಿಂದ ಹತ್ತರ ಮಾಪನ ಇದೆಯಲ್ಲ, ಮೇಷ್ಟ್ರಿಗೆ ಗೊತ್ತಿರುತ್ತದೆ. ಅದರಲ್ಲಿ ಗಾಜು ಸುಮಾರು 5.5, ನಿಮ್ಮ ಹೊಲದ ಬೆಣಚುಕಲ್ಲು 7, ನೀಲ 9. ಗಾಜನ್ನು ಬೆಣಚುಕಲ್ಲೂ ಗೀರುತ್ತದೆ. ಕಾರ್ಖಾನೆಯ ನೀಲವಂತೂ ಗಣಿಯ ನೀಲದಷ್ಟೇ ಗಟ್ಟಿ, ಎರಡೂ ಒಂದೇ ವಸ್ತು. ಇನ್ನು ಹಾಲಿನ ಪರೀಕ್ಷೆ ಬಣ್ಣದ ಗಾಜಿನ ಚೂರೂ ಪಾಸು ಮಾಡುವಂಥದ್ದು. ಹಾಲ್‌ಮಾರ್ಕ್ ಇದೆ ಎಂದರೆ ಅದು ಚಿನ್ನ ಬೆಳ್ಳಿಗೆ ಮಾತ್ರ, ಹರಳಿಗೆ ಸಂಬಂಧವಿಲ್ಲ. ನೈಸರ್ಗಿಕವೋ ಕೃತಕವೋ, ಬಣ್ಣಕ್ಕಾಗಿ ಕಾಯಿಸಿದ್ದೋ ಅಲ್ಲವೋ ಎಂಬುದನ್ನು ಬರೆದುಕೊಡುವ ರತ್ನಪರೀಕ್ಷೆಯ ಲ್ಯಾಬುಗಳು ಬೆಂಗಳೂರಿನಲ್ಲೇ ಇವೆ. ಮಾರುವವರು ಜೊತೆಗೆ ಬಂದು ಕಲ್ಲನ್ನು ಅಲ್ಲಿ ಕೊಡಲು ಒಪ್ಪುತ್ತಾರಾ ಎಂದು ಮೇಷ್ಟ್ರು ಕೇಳಲಿ. ಒಪ್ಪದಿದ್ದರೆ ಅದೇ ವರದಿ.

ಈಗ ಮೇಷ್ಟ್ರು ಇಳಿಸಿದ ಆ 38,000 ರೂಪಾಯಿಯ ಸಂಭ್ರಮ. ಚೌಕಾಸಿಯಲ್ಲಿ ಇಳಿಸಿದ ಹಣ ಗಳಿಸಿದ ಹಣದಂತೆ ಕಾಣುತ್ತದೆ, ಎಂಥ ಲೆಕ್ಕದ ಮೇಷ್ಟ್ರಿಗೂ. 60,000 ಎಂಬ ಅಂಕಿ ಎಲ್ಲಿಂದ ಬಂತು? ಮಾರುವವರ ಬಾಯಿಂದ. ಅವರು ಒಂದು ಲಕ್ಷ ಅಂದಿದ್ದರೆ ಇವರು ಇನ್ನೂ ದೊಡ್ಡ ಜಾಣರಾಗುತ್ತಿದ್ದರು. ರತ್ನದ ವ್ಯಾಪಾರ ಬಲ್ಲವರು ತಮ್ಮ ಕೈಯಲ್ಲಿರುವುದು ಒಳ್ಳೆಯ ನೀಲ ಎಂದು ಗೊತ್ತಿದ್ದರೆ ಮೂರರಲ್ಲಿ ಎರಡು ಪಾಲು ಬಿಟ್ಟುಕೊಡುವಷ್ಟು ಉದಾರಿಗಳಲ್ಲ.

ಇಷ್ಟೆಲ್ಲ ವಿಜ್ಞಾನ ಹೇಳಿದರೂ ಮೇಷ್ಟ್ರು ಒಪ್ಪದೇ ಇರಬಹುದು, ಯಾಕೆಂದರೆ ಅವರು ಕೊಳ್ಳುತ್ತಿರುವುದು ನೀಲವನ್ನಲ್ಲ. ಮಗನಿಗೆ ಹೆಣ್ಣು ಸಿಗುತ್ತಿಲ್ಲ, ಅಪ್ಪನಾಗಿ ಏನಾದರೂ ಮಾಡಬೇಕು, ಮಾಡಲು ಏನೂ ತೋಚುತ್ತಿಲ್ಲ. 22,000 ಕೊಟ್ಟರೆ ಏನೋ ಮಾಡಿದ ಹಾಗಾಗುತ್ತದೆ. ಈ ಸಂಕಟ ನಿಮ್ಮ ಮನೆಯದ್ದಷ್ಟೇ ಅಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯ ಸೀಮೆಯ ಮದುವೆಯಾಗದ ಹುಡುಗರು ಗುಂಪು ಕಟ್ಟಿಕೊಂಡು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದು ಪೇಪರಿನಲ್ಲೆಲ್ಲ ಬಂದಿತ್ತು. ಹಳ್ಳಿಯಲ್ಲಿ ಮನೆ ಮಾಡಿಕೊಂಡಿರುವ ಹುಡುಗರಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುವುದು ಈ ಕಡೆಯ ಎಲ್ಲ ತಾಲ್ಲೂಕುಗಳ ಕಥೆ. ಅದನ್ನು ನೀಲದ ಒಡೆಯನೆನ್ನುವ ಶನಿಯ ತಲೆಗೆ ಕಟ್ಟುವುದು ಶನಿಗೂ ಅನ್ಯಾಯ. ಮಗನನ್ನೇ ಕೂರಿಸಿಕೊಂಡು ‘ನಿನಗೆ ಎಂಥ ಹುಡುಗಿ ಬೇಕಪ್ಪ, ತುಮಕೂರಲ್ಲಿ ಮನೆ ಮಾಡ್ತೀಯಾ?’ ಎಂದು ಕೇಳಿದ್ದೀರಾ? ಪತ್ರದಲ್ಲಿ ಎಲ್ಲರ ಮಾತೂ ಇದೆ, ಅವನದೊಂದು ಇಲ್ಲ.

ಹಾಗಂತ ಮೇಷ್ಟ್ರ ಭಾನುವಾರಗಳನ್ನು ಕಿತ್ತುಕೊಳ್ಳಬೇಡಿ. ನೀಲದ ವ್ಯವಹಾರ ಬೇರೆ, ಜೇಬಿನ ಕಲ್ಲುಗಳು ಬೇರೆ. ಅವುಗಳನ್ನು ಬೆಳಕಿನಲ್ಲಿ ಹರವಿಕೊಂಡು ನೀವೂ ಒಮ್ಮೆ ನೋಡಿ. ಹುಲಿಯ ಕಣ್ಣಿನಂತೆ ಹೊಳೆಯುವ ಕಂದು ಕಲ್ಲು ಬಹುಪಾಲು ದಕ್ಷಿಣ ಆಫ್ರಿಕಾದಿಂದ ಬಂದದ್ದು. ಕೆಂಪು, ಕಂದು ಪಟ್ಟೆಯ ಕಲ್ಲನ್ನು ಬಜಾರಿನಲ್ಲಿ ಅಕೀಕ್ ಎನ್ನುತ್ತಾರೆ. ಗುಜರಾತಿನ ಖಂಭಾತ್ ಊರಿನವರು ಅದನ್ನು ಬೆಂಕಿಯಲ್ಲಿ ಕಾಯಿಸಿ ಕೆಂಪು ಏರಿಸಿ, ಕೊರೆದು ಮಣಿ ಮಾಡುವುದನ್ನು ಸಾವಿರಾರು ವರ್ಷದಿಂದ ಮಾಡಿಕೊಂಡು ಬಂದಿದ್ದಾರೆ. ಕಪ್ಪು ಕಲ್ಲಿದ್ದರೆ ಅದನ್ನು ಸಕ್ಕರೆ ನೀರಿನಲ್ಲಿ ನೆನೆಸಿ, ಆಮೇಲೆ ಗಂಧಕಾಮ್ಲದಲ್ಲಿ ಇಟ್ಟು, ಒಳಗಿಳಿದ ಸಕ್ಕರೆಯನ್ನು ಇದ್ದಿಲಾಗಿಸಿ ಕಪ್ಪು ಮಾಡಿರುವ ಸಾಧ್ಯತೆ ಬಹಳ. ಇದು ಮೋಸವಲ್ಲ, ಹಳೆಯ ಕಸುಬು. ಮೋಸ ಆಗುವುದು ಅದನ್ನು ‘ಭೂಮಿಯಿಂದ ಹೀಗೇ ತೆಗೆದದ್ದು, ಇನ್ನೂರು ವರ್ಷ ಹಳೇದು’ ಎಂದಾಗ.

ನಯಕ್ಕೂ ವಯಸ್ಸಿಗೂ ನಂಟಿಲ್ಲ. ಒಂದು ಉರುಳೆ ಡಬ್ಬಿಗೆ ಕಲ್ಲು, ನೀರು, ಉಜ್ಜುವ ಪುಡಿ ಹಾಕಿ ಮೋಟರಿನಿಂದ ತಿರುಗಿಸುತ್ತಾರೆ. ಮೊದಲು ದಪ್ಪ ಪುಡಿ, ಆಮೇಲೆ ಸಣ್ಣದು, ಕೊನೆಗೆ ಮೆರುಗಿನ ಪುಡಿ. ಹೊಳೆ ಸಾವಿರಾರು ವರ್ಷ ಉಜ್ಜಿ ಕೊಡುವ ನಯ ಒಂದು ತಿಂಗಳಲ್ಲಿ ಬಂದುಬಿಡುತ್ತದೆ. ಇಂಥವು ಸಗಟಿನಲ್ಲಿ ಕಿಲೋ ಲೆಕ್ಕಕ್ಕೆ ಸಿಗುತ್ತವೆ. ಮೇಷ್ಟ್ರು 600 ಕೊಟ್ಟದ್ದು ಅಂಥದ್ದಾಗಿದ್ದರೆ ತೀರಾ ಜಾಸ್ತಿಯಾಯಿತು.

ಕೊಳ್ಳುವ ಮೊದಲು ಅವರು ಅಲ್ಲೇ ನೋಡಬಹುದಾದದ್ದು ಇಷ್ಟು: ಕಲ್ಲನ್ನು ಕೆನ್ನೆಗೆ ಒತ್ತಿದಾಗ ತಣ್ಣಗಿಲ್ಲದೆ ಬೇಗ ಬೆಚ್ಚಗಾದರೆ ಪ್ಲಾಸ್ಟಿಕ್ಕು. ಬಿಸಿಲಿಗೆ ಹಿಡಿದಾಗ ಒಳಗೆ ದುಂಡನೆಯ ಗುಳ್ಳೆ ಕಂಡರೆ ಗಾಜು. ಚಿನ್ನದ ಚುಕ್ಕಿ ಒಂದೇ ಸಮ ಮಿನುಗುವ ಕಂದು ಕಲ್ಲೂ ಗಾಜೇ. ಮಣಿಯಾಗಿದ್ದರೆ ತೂತಿನ ಸುತ್ತ ನೋಡಬೇಕು, ಬಣ್ಣ ಹಾಕಿದ್ದು ಅಲ್ಲಿ ಮತ್ತು ಬಿರುಕುಗಳಲ್ಲಿ ಗಾಢವಾಗಿ ಕೂತಿರುತ್ತದೆ. ಸ್ಫಟಿಕದ ಗುಂಡು ಎಂದು ಕೊಟ್ಟರೆ ಅದನ್ನು ಒಂದು ತಲೆಗೂದಲಿನ ಮೇಲಿಟ್ಟು ನಿಧಾನ ಹೊರಳಿಸಲಿ. ನಿಜ ಸ್ಫಟಿಕದಲ್ಲಿ ಯಾವುದಾದರೂ ಒಂದು ಮಗ್ಗುಲಲ್ಲಿ ಕೂದಲು ಎರಡಾಗಿ ಕಾಣುತ್ತದೆ. ಗಾಜಿನ ಗುಂಡಿನಲ್ಲಿ ಹೇಗೆ ಹೊರಳಿಸಿದರೂ ಒಂದೇ.

‘ಅರಮನೆಯದ್ದು’, ‘ಹಂಪಿಯದ್ದು’ ಎಂಬ ಮಾತಿಗೆ ಕಿವಿಗೊಡದಿರಲು ಹೇಳಿ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಝಾಕ್ ಪೇಟೆಯಲ್ಲಿ ಮುತ್ತು, ಮಾಣಿಕ್ಯ, ಪಚ್ಚೆಗಳನ್ನು ಬಹಿರಂಗವಾಗಿ ಮಾರುತ್ತಿದ್ದುದನ್ನು ಬರೆದಿಟ್ಟ. ಅಂದಿನಿಂದ ಕರ್ನಾಟಕದಲ್ಲಿ ಹೊಳೆಯುವ ಕಲ್ಲಿಗೆಲ್ಲ ಹಂಪಿಯೇ ತವರುಮನೆ! ಮೇಷ್ಟ್ರು ಒಂದು ಕೆಲಸ ಮಾಡಬಹುದು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಪ್ರಾಚ್ಯವಸ್ತುಗಳನ್ನು ಮಾರುವ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ‘ಮುನ್ನೂರು ವರ್ಷದ್ದು’ ಎಂದವರನ್ನು ‘ಹಾಗಾದ್ರೆ ಲೈಸೆನ್ಸ್ ಇದೆಯಾ ಅಣ್ಣ?’ ಎಂದು ನಗುತ್ತಾ ಕೇಳಲಿ. ಮುನ್ನೂರು ವರ್ಷ ಮೂವತ್ತಕ್ಕೆ ಇಳಿಯುತ್ತದೆ, ರೇಟೂ ಅದರ ಹಿಂದೆಯೇ ಇಳಿಯುತ್ತದೆ.

ಚೌಕಾಸಿ ತಪ್ಪಲ್ಲ. ಬೆಲೆಪಟ್ಟಿಯಿಲ್ಲದ ಕಡೆ ಬೆಲೆ ಹುಟ್ಟುವುದೇ ಹಾಗೆ, ಟಾರ್ಪಾಲು ಹಾಸಿ ಕೂತವರೂ ಅದಕ್ಕೆ ಜಾಗ ಬಿಟ್ಟೇ ಹೇಳುತ್ತಾರೆ. ಆದರೆ ಅದಕ್ಕೊಂದು ಮರ್ಯಾದೆ ಇದೆ. ಕೊಳ್ಳುವ ಮನಸ್ಸಿಲ್ಲದೆ ಬೆಲೆ ಕಟ್ಟಬಾರದು. ತಾನು ಕೇಳಿದ ರೇಟಿಗೆ ಆಕಡೆಯವರು ‘ಆಯ್ತು ತಗೊಳ್ಳಿ’ ಅಂದ ಮೇಲೆ ಬಿಟ್ಟು ಹೋಗಬಾರದು, ಅದರಲ್ಲೂ ಬೋಣಿ ಹೊತ್ತಿನಲ್ಲಿ. ‘ಬೋಣಿ ಆಗಿಲ್ಲ ಸಾರ್’ ಎನ್ನುವುದು ಎಷ್ಟೋ ಸಲ ಮಾರುವ ಉಪಾಯವೇ, ಆದರೆ ಮೊದಲ ಗಿರಾಕಿ ಮುರಿದುಕೊಂಡು ಹೋದರೆ ದಿನವೆಲ್ಲ ಹಾಳು ಎಂದು ನಂಬುವವರೂ ಅಲ್ಲಿದ್ದಾರೆ. ಬೆಳಿಗ್ಗೆ ಬೇಗ ಹೋದರೆ ಆಯ್ಕೆ ಜಾಸ್ತಿ, ಗಂಟು ಕಟ್ಟುವ ಹೊತ್ತಿಗೆ ಹೋದರೆ ರೇಟು ಕಡಿಮೆ. ಬೇಕಾದ ಕಲ್ಲನ್ನೇ ಮೊದಲು ಕೈಗೆತ್ತಿಕೊಂಡು ಕಣ್ಣರಳಿಸಿದರೆ ಮುಗಿಯಿತು, ಆಮೇಲೆ ಯಾವ ಮಾತೂ ನಡೆಯುವುದಿಲ್ಲ. ನಾಲ್ಕು ಕಲ್ಲು ಒಟ್ಟಿಗಿಟ್ಟು ‘ಎಲ್ಲಾ ಸೇರಿ ಎಷ್ಟು?’ ಅನ್ನಬೇಕು. ಈ ಕಲ್ಲಿಗೆ ಹೆಸರೂ ಇಲ್ಲ, ಕಥೆಯೂ ಇಲ್ಲ, ಬರಿಯ ಚಂದದ ಕಲ್ಲು ಎಂದಾದರೆ ನಾನೆಷ್ಟು ಕೊಡುತ್ತೇನೆ ಎಂದು ಬಾಯಿ ತೆಗೆಯುವ ಮೊದಲೇ ಮನಸ್ಸಿನಲ್ಲಿ ಗೊತ್ತು ಮಾಡಿಕೊಂಡಿರಬೇಕು. ಅದರ ಮೇಲೆ ಒಂದು ರೂಪಾಯಿಯೂ ಬೇಡ. ಅದಕ್ಕಿಂತ ಕಡಿಮೆಗೆ ಸಿಕ್ಕೀತು ಎಂದು ಬಿಸಿಲಲ್ಲಿ ಕೂತವರ ಕೊನೆಯ ಹತ್ತು ರೂಪಾಯಿಗೂ ಜಗ್ಗಾಡುವುದು ಬೇಡ. ‘ಅಸಲೂ ಹುಟ್ಟಲ್ಲ ಸಾರ್’ ಎಂಬುದು ಕೆಲವು ಸಲ ನಿಜವೂ ಆಗಿರುತ್ತದೆ.

ಈಗ ಆ ಚೀಟಿ. ಓದಿ ನಿಮಗೆ ನೋವಾಗಿದೆ, ಆಗಬೇಕಾದ್ದೇ. ಆದರೆ ಅದು ಹೇಗೆ ಹುಟ್ಟಿತು ಅಂತ ಯೋಚಿಸಿ. ಮೇಷ್ಟ್ರು ಬಜಾರಿನಲ್ಲಿ ಒಂದು ಚೌಕಾಸಿ ಮುಗಿಸಿಕೊಂಡು ಮನೆಗೆ ಬಂದರೆ ಬಾಗಿಲಲ್ಲಿ ಇನ್ನೊಂದು ಶುರುವಾಗುತ್ತದೆ. ‘ಎಷ್ಟು ಕೊಟ್ರಿ?’ ಎಂಬುದು ನಿಮ್ಮ ಮೊದಲ ಪ್ರಶ್ನೆ. 600 ಅಂದರೆ ‘ಈ ಕಲ್ಲಿಗಾ?’ ಎನ್ನುತ್ತೀರಿ, ಒಳಗಿಂದ ಅತ್ತೆ ದನಿಗೂಡಿಸುತ್ತಾರೆ. ಹಾಗಾಗಿ ಅವರು ರೈಲಿನಲ್ಲೇ ನಿಮ್ಮ ಪರವಾಗಿ ಚೌಕಾಸಿ ಮಾಡಿ, ಆರುನೂರನ್ನು ನೂರಕ್ಕಿಳಿಸಿ, ನಿಮಗೆ ಒಪ್ಪುವ ರೇಟು ತಂದು ಕೊಡುತ್ತಾರೆ. ನಿಜವಾದ ಲೆಕ್ಕವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರಲ್ಲ, ಅದನ್ನೂ ಗಮನಿಸಿ. ಪೂರ್ತಿ ಮುಚ್ಚಿಡುವವರು ಚೀಟಿಯನ್ನು ಹರಿದು ರೈಲಿನ ಕಿಟಕಿಯಿಂದ ಎಸೆಯುತ್ತಾರೆ, ಒಗೆಯುವ ಪ್ಯಾಂಟಿನಲ್ಲಿ ಬಿಡುವುದಿಲ್ಲ. ಸುಳ್ಳು ಸುಳ್ಳೇ, ಸಮರ್ಥಿಸುತ್ತಿಲ್ಲ. ಅದರ ಬಾಗಿಲು ಮುಚ್ಚುವ ಬಗೆ ಹೇಳುತ್ತಿದ್ದೇನೆ.

ಇಬ್ಬರೂ ಕೂತು ತಿಂಗಳಿಗೆ ಇಷ್ಟು ಎಂದು ಒಂದು ಮೊತ್ತ ಗೊತ್ತು ಮಾಡಿಕೊಳ್ಳಿ. ಸಾವಿರವೋ ಒಂದೂವರೆಯೋ, ನಿಮ್ಮ ಮನೆಯ ಲೆಕ್ಕ ನಿಮಗೆ ಗೊತ್ತು. ಅದರೊಳಗೆ ಯಾವ ಕಲ್ಲಿಗೆ ಎಷ್ಟು ಕೊಟ್ಟರು ಎಂದು ನೀವು ಕೇಳಕೂಡದು. ಅದರ ಹೊರಗೆ ಅವರು ಒಂದು ಪೈಸೆ ಖರ್ಚು ಮಾಡಕೂಡದು, ಮುಂಗಡದ ಹೆಸರಿನಲ್ಲಿ ಕೂಡ. ಇಷ್ಟೇ ಮೊತ್ತ ನಿಮ್ಮ ಕೈಗೂ ಬರಬೇಕು, ನೀವೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಈ ಕೊನೆಯದನ್ನು ನಾಚಿಕೊಂಡು ಬಿಟ್ಟುಬಿಡಬೇಡಿ.

ಮುಂದಿನ ಭಾನುವಾರ ನೀವೂ ಜೊತೆಗೆ ಹೊರಡಿ. ಯಶವಂತಪುರದಲ್ಲಿ ಇಳಿದರೆ ಹಸಿರು ಮಾರ್ಗದ ಮೆಟ್ರೊ, ಚಿಕ್ಕಪೇಟೆಯಲ್ಲೇ ಸ್ಟೇಷನ್ ಇದೆ. ಅಂಗಡಿಗಳ ಷಟರು ಎಳೆದಿರುವ ರಸ್ತೆಯಲ್ಲಿ ತಿರುಗದ ಫ್ಯಾನು, ಒಂಟಿ ಕಿವಿಯ ದೂರವಾಣಿ, ಯಾರದೋ ಮದುವೆಯ ಹಿತ್ತಾಳೆ ತಂಬಿಗೆಗಳ ನಡುವೆ ನಿಮ್ಮ ಯಜಮಾನರು ಮೊಣಕಾಲೂರಿ ಕೂತು ಒಂದು ಕಲ್ಲಿಗಾಗಿ ಕಾಲು ಗಂಟೆ ಮಾತಾಡುವುದನ್ನು ನೋಡಿ. ಮೂರು ದಶಕ ಮಕ್ಕಳೆದುರು ಮಾತಾಡಿದವರು ನಿವೃತ್ತಿಯ ಮೇಲೆ ಯಾರ ಹತ್ತಿರ ಮಾತಾಡಬೇಕು? ತೋಟದಲ್ಲಿ ಅಡಿಕೆ ಮರಗಳ ಹತ್ತಿರವೇ? ಅಲ್ಲಿ ನಿಮಗೆ ಇಷ್ಟವಾದ ಒಂದು ಕಲ್ಲನ್ನು ನೀವೇ ಚೌಕಾಸಿ ಮಾಡಿ. ತುಮಕೂರಿನ ಸಂತೆಯಲ್ಲಿ ಸೊಪ್ಪಿನವರನ್ನು ಗೆದ್ದವರು ನೀವು, ಮೇಷ್ಟ್ರಿಗಿಂತ ಜೋರಾಗಿಯೇ ಮಾಡುತ್ತೀರಿ.

ಸಾಲಿಗ್ರಾಮದ ಮಾತು ಚಿಕ್ಕದು. ನಿಜವಾದ ಸಾಲಿಗ್ರಾಮ ನೇಪಾಳದ ಗಂಡಕಿ ನದಿಯದ್ದು, ಒಂದು ಕಾಲಕ್ಕೆ ಸಮುದ್ರದಲ್ಲಿದ್ದ ಸುರುಳಿ ಚಿಪ್ಪಿನ ಪ್ರಾಣಿ ಕೋಟ್ಯಂತರ ವರ್ಷದಲ್ಲಿ ಕಲ್ಲಾದದ್ದು. ಅದಕ್ಕೆ ಬೆಲೆ ಕಟ್ಟಬಾರದು ಎಂದು ಹಿರಿಯರೇ ಹೇಳುತ್ತಾರೆ, ಇನ್ನು ಚೌಕಾಸಿ ಎಲ್ಲಿಂದ ಬಂತು? ಅತ್ತೆಯವರಿಗೆ ಕಸಿವಿಸಿ ಇದ್ದರೆ ಪೂಜೆ ನಡೆಯುವ ಒಂದು ದೇವಸ್ಥಾನಕ್ಕೋ ಮಠಕ್ಕೋ ಕೊಟ್ಟುಬಿಡಿ. ವಯಸ್ಸಾದವರ ನೆಮ್ಮದಿಗೆ ಅದು ದುಬಾರಿಯಲ್ಲ.

ಹಿತ್ತಿಲ ಜಗುಲಿಯ ಮೇಲಿರುವುದನ್ನು ಮಾತ್ರ ಜೋಪಾನ ಮಾಡಿ. ಅಂಗೈ ಉದ್ದ, ಕಪ್ಪು ಬಣ್ಣ ಅಂದಿರಿ. ಒಂದು ತುದಿ ಅಗಲವಾಗಿ ಬಾಚಿಯ ಬಾಯಿಯಂತೆ ಚೂಪಾಗಿದ್ದು, ಇನ್ನೊಂದು ತುದಿ ಸಣ್ಣಗೆ ಮೊಂಡಾಗಿದೆಯಾ ನೋಡಿ. ಹಾಗಿದ್ದರೆ ಅದು ಸಿಡಿಲಿನ ಜೊತೆ ಬಿದ್ದದ್ದಲ್ಲ, ನವಶಿಲಾಯುಗದ ಕೊಡಲಿ ಆಗಿರಬಹುದು. ಲೋಹದ ಬಳಕೆ ವ್ಯಾಪಕವಾಗುವ ಮೊದಲು, ಇಂದಿಗೆ ನಾಲ್ಕು ಸಾವಿರ ವರ್ಷದ ಆಚೀಚೆ, ನಮ್ಮ ಸೀಮೆಯ ದನಗಾಹಿಗಳು ಕಪ್ಪು ಡಾಲರೈಟ್ ಕಲ್ಲನ್ನು ಚಕ್ಕೆ ಎಬ್ಬಿಸಿ, ಬಂಡೆಯ ಮೇಲೆ ನೀರು ಹಾಕಿ ತಿಕ್ಕಿ ತಿಕ್ಕಿ ನಯ ಮಾಡುತ್ತಿದ್ದರು. ಬಳ್ಳಾರಿ ಹತ್ತಿರದ ಸಂಗನಕಲ್ಲಿನ ಗುಡ್ಡಗಳಲ್ಲಿ ಇಂಥ ಕೊಡಲಿ ಮಾಡುವ ದೊಡ್ಡ ಕಮ್ಮಟವೇ ಇತ್ತು. ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಅದನ್ನು ಗುರುತಿಸಿದ. ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ತೋಡುಗಳು ಅಲ್ಲಿ ಈಗಲೂ ಕಾಣುತ್ತವೆ. ನಿಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗಲೂ ಇಂಥ ಕೊಡಲಿಗಳು ಸಿಕ್ಕವು. ನೇಗಿಲಿಗೆ ಸಿಕ್ಕಿದ ಇವುಗಳನ್ನು ರೈತರು ತಂದು ಊರ ಗುಡಿಯಲ್ಲಿ, ಮರದ ಬುಡದಲ್ಲಿ ಇಡುವುದುಂಟು.

ಇದು ಅದೇ ಎಂದು ನಾನು ಪತ್ರ ನೋಡಿ ಹೇಳಲಾರೆ, ಈಗ ಮಾಡಿದ ನಕಲೂ ಇದ್ದೀತು. ಸೋಪು ಹಾಕಿ ತಿಕ್ಕಬೇಡಿ, ಎಣ್ಣೆ ಕುಂಕುಮ ಹಚ್ಚಬೇಡಿ. ಮೇಷ್ಟ್ರು ಅದನ್ನು ತುಮಕೂರು ವಿಶ್ವವಿದ್ಯಾನಿಲಯದ ಇತಿಹಾಸ ವಿಭಾಗದವರಿಗೋ ರಾಜ್ಯ ಪುರಾತತ್ವ ಇಲಾಖೆಯವರಿಗೋ ಒಯ್ದು ತೋರಿಸಲಿ. ಯಾವ ಊರಿನ ಹೊಲದಲ್ಲಿ ಸಿಕ್ಕಿತು ಎಂದು ಮಾರಿದವರನ್ನು ಇನ್ನೊಮ್ಮೆ ಕೇಳಿ ಬರೆದಿಟ್ಟುಕೊಳ್ಳಲಿ. ಊರಿನ ಹೆಸರಿಲ್ಲದ ಕೊಡಲಿಯಿಂದ ಇತಿಹಾಸಕಾರರಿಗೆ ಅರ್ಧ ಪ್ರಯೋಜನವೂ ಇಲ್ಲ. ಅದಕ್ಕೆ ಎಷ್ಟು ಕೊಟ್ಟರು ಅಂತ ನಿಮ್ಮ ಚೀಟಿಯಲ್ಲಿ ಇದ್ದರೆ ನನಗೂ ತಿಳಿಸಿ, ಕುತೂಹಲ.

ಉಳಿದದ್ದು ಮುಂಗಡದ 3,000. ಉಂಗುರ ಬೇಡ, ಹಣ ವಾಪಸ್ ಕೊಡಿ ಎಂದು ಮೇಷ್ಟ್ರು ಫೋನಿನಲ್ಲಿ ಹೇಳಿ, ಅದನ್ನೇ ಮೆಸೇಜಿನಲ್ಲೂ ಹಾಕಲಿ. ಗ್ರಾಹಕರ ಸಹಾಯವಾಣಿ 1915 ಇದೆ, ಆದರೆ ರಸೀದಿ ಇಲ್ಲದ ಮನೆ ವ್ಯಾಪಾರದಲ್ಲಿ ಬಹಳ ಆಸೆ ಇಟ್ಟುಕೊಳ್ಳಬೇಡಿ. ವಾಪಸ್ ಬರಲಿಲ್ಲ ಎಂದರೆ ಉಂಗುರ ಕೊಳ್ಳದೆ ಉಳಿದ 19,000ದ ಜೊತೆ ಇಟ್ಟು ಲೆಕ್ಕ ಹಾಕಿ. ‘ಕೊಟ್ಟದ್ದು ಹೋಗುತ್ತಲ್ಲ’ ಎಂದು ಉಳಿದದ್ದನ್ನೂ ಕೊಟ್ಟು ಉಂಗುರ ತರಲು ಹೊರಟಾರು, ಆಗ ಮಾತ್ರ ಸ್ಕೂಟರಿನ ಕೀ ಎತ್ತಿಟ್ಟುಕೊಳ್ಳಿ. ಮಾತುಮಾತಿಗೆ ಆ ಮೂರು ಸಾವಿರವನ್ನು ಎತ್ತಿ ಆಡಬೇಡಿ, ಯುಗಾದಿ ಮುಗಿಯುವವರೆಗಾದರೂ.